ಹಳ್ಳಿಗುಡಿಗೆ ಬಂದ ನೋಟಿಸು

ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳಿಗೂ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಗೂ ಎಲ್ಲಿಯ ನಂಟು? ನಂಟು ಬೆಳೆಸಿದ್ದು ನಮ್ಮ ಸರ್ಕಾರಿ ಕಚೇರಿಗಳೇ. ಅದರ ಕಥೆ 1991ರಿಂದ ಶುರುವಾಗುತ್ತದೆ.

ಆ ವರ್ಷ ದೇಶದ ಬಳಿ ಇದ್ದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು. ಚಿನ್ನ ಅಡವಿಟ್ಟು ಸಾಲ ತರಬೇಕಾಯಿತು. ಜುಲೈ 24ರಂದು ಬಂದ ಹೊಸ ಕೈಗಾರಿಕಾ ನೀತಿ 34 ಬಗೆಯ ಉದ್ದಿಮೆಗಳಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳಕ್ಕೆ ನೇರವಾಗಿ ಬಾಗಿಲು ತೆರೆಯಿತು. ಉಳಿದ ಅರ್ಜಿಗಳನ್ನು ಬೇಗ ತೀರ್ಮಾನಿಸಲು ವಿದೇಶಿ ಹೂಡಿಕೆ ಉತ್ತೇಜನ ಮಂಡಳಿ ಹುಟ್ಟಿತು. ಅಲ್ಲಿಯವರೆಗೆ ಹೊಸಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದ ಸರ್ಕಾರ, ಕರೆದು ಮಣೆ ಹಾಕತೊಡಗಿತು.

ಮುಂದೆ ರಾಜ್ಯರಾಜ್ಯಗಳ ನಡುವೆಯೇ ಪೈಪೋಟಿ. ಕರ್ನಾಟಕ 2002ರಲ್ಲಿ ಏಕಗವಾಕ್ಷಿ ಕಾಯ್ದೆ ಮಾಡಿತು. ದೊಡ್ಡ ಯೋಜನೆಗಳಿಗೆ ಒಪ್ಪಿಗೆ ಕೊಡುವ ಸಮಿತಿಗೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಹೂಡಿಕೆದಾರರ ಕೈಹಿಡಿದು ನಡೆಸಲು ಕರ್ನಾಟಕ ಉದ್ಯೋಗ ಮಿತ್ರ. ಜಮೀನು ಒದಗಿಸಲು, 1966ರ ಕಾಯ್ದೆಯಿಂದ ಹುಟ್ಟಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ.

2010ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. ಪೋಸ್ಕೋ ಜೊತೆ ಒಪ್ಪಂದವಾಯಿತು: 32,336 ಕೋಟಿ ರೂಪಾಯಿ ಹೂಡಿಕೆ, ವರ್ಷಕ್ಕೆ 60 ಲಕ್ಷ ಟನ್ ಉಕ್ಕು. ಬೆಂಗಳೂರಿನಲ್ಲಿ ಸಹಿ ಬಿದ್ದ ಮೇಲೆ ಹಳ್ಳಿಗುಡಿ ಸುತ್ತಲಿನ 3 ಸಾವಿರಕ್ಕೂ ಹೆಚ್ಚು ಎಕರೆಯ ಮೇಲೆ ಕೆಐಎಡಿಬಿ ಕಣ್ಣು ಬಿತ್ತು.

ಕಾರ್ಖಾನೆ ಬಂದರೆ ಕೆಲಸ ಸಿಗುತ್ತದೆ ಎಂದು ಜಮೀನು ಕೊಡಲು ಒಪ್ಪಿದವರೂ ಇದ್ದರು. ಒಪ್ಪದವರು ಬೀದಿಗಿಳಿದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಹೋರಾಟದ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. 2013ರ ಜುಲೈನಲ್ಲಿ ಪೋಸ್ಕೋ ಕರ್ನಾಟಕದ ಯೋಜನೆಯಿಂದಲೇ ಹಿಂದೆ ಸರಿಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬಂಡವಾಳ ತರುವವರಿಗೆ ದಿಲ್ಲಿಯಿಂದ ಜಿಲ್ಲೆಯವರೆಗೆ ಒಂದೊಂದು ಹೆಜ್ಜೆಗೂ ಒಂದು ಕಚೇರಿ ಇದೆ. ಹೊಲದವರ ಮಾತಿಗೆ ಕೆಐಎಡಿಬಿ ಕಾಯ್ದೆಯ 28ನೇ ಕಲಮಿನಲ್ಲಿ ಇರುವುದು 30 ದಿನ. ಜಮೀನು ಯಾಕೆ ತೆಗೆದುಕೊಳ್ಳಬಾರದು ಎಂದು ನೋಟಿಸು ಕೈಸೇರಿದ 30 ದಿನಗಳೊಳಗೆ ಹೇಳಬೇಕು.

ಹಾಗಾಗಿ ಅಂಥ ಕಾಗದ ನಿಮ್ಮ ಮನೆಗೆ ಬಂದರೆ ಸೂರಿನ ಸಂದಿಗೆ ಸಿಕ್ಕಿಸಿ ಮರೆಯಬೇಡಿ. ಬಂದ ತಾರೀಖು ಬರೆದಿಡಿ. ಆಕ್ಷೇಪಣೆಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಜಮೀನು ಕೊಡುವುದೋ ಬಿಡುವುದೋ ನಿಮ್ಮ ವಿಚಾರ. ಆದರೆ ಆ ಮಾತು ದಾಖಲೆಯಲ್ಲಿರಲಿ.