ಎರಡು ಮೋಟಾರು ಗಾಡಿಗಳು

ಹಳೆಯ ಮೋಟಾರು ಗಾಡಿಯನ್ನು ಕಂಡೊಡನೆ ಆಗಿನ ಕಬ್ಬಿಣವೇ ಬೇರೆಯೆಂದು ಕೊಂಡಾಡುವುದು ನಮ್ಮಲ್ಲಿ ವಾಡಿಕೆ. ಈ ಹೊಗಳಿಕೆ ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ಎರಡು ಗಾಡಿಗಳ ಚರಿತ್ರೆಯಿಂದ ವಿಚಾರಮಾಡೋಣ.

ಮೊದಲನೆಯದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನನುಸರಿಸಿ, ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1957ನೆಯ ಇಸವಿಯಿಂದ ಇದನ್ನು ತಯಾರಿಸಿದರು. ನಾಲ್ಕು ಸಿಲಿಂಡರುಗಳ, ಸುಮಾರು 1500 ಸಿ.ಸಿ. ಅಳತೆಯ ಎಂಜಿನು ಮುಂದೆ. ಅದರ ಶಕ್ತಿಯು ಉದ್ದನೆಯ ದಂಡವೊಂದರ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದಿತು. ಮಂತ್ರಿಗಳೂ ಬಾಡಿಗೆಯವರೂ ಕುಳಿತುದು ಇದೇ ಗಾಡಿಯಲ್ಲಿ. ಹಳ್ಳದಿಣ್ಣೆಗಳ ರಸ್ತೆಗೆ ಅದು ಅಂಜಲಿಲ್ಲ. ಕೆಟ್ಟರೆ ಸಣ್ಣ ಊರಿನ ಮೇಸ್ತ್ರಿಯೂ ಸರಿಪಡಿಸಬಲ್ಲವನಾಗಿದ್ದನು.

ಎರಡನೆಯದು ಮಾರುತಿ 800. ಸರ್ಕಾರದ ಸಂಸ್ಥೆಯೊಂದು ಜಪಾನಿನ ಸುಜುಕಿಯವರೊಡನೆ ಸೇರಿ, ದೆಹಲಿಯ ಬಳಿಯ ಗುಡಗಾಂವ್‌ನಲ್ಲಿ ಇದನ್ನು ಕಟ್ಟಿತು. 1983ರ ಡಿಸೆಂಬರಿನಲ್ಲಿ ಮೊದಲನೆಯ ಗಾಡಿಯ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಕೊಂಡವರಿಗೆ ಒಪ್ಪಿಸಿದರು. ಮೂರೇ ಸಿಲಿಂಡರು, 796 ಸಿ.ಸಿ. ಎಂಜಿನು, ಅದು ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಉದ್ದನೆಯ ದಂಡಕ್ಕೆ ಕೆಲಸವಿಲ್ಲ. ಮೈ ಹಗುರ, ಪೆಟ್ರೋಲಿನ ಖರ್ಚು ಕಡಿಮೆ.

ಹಾಗಾದರೆ ಅಂಬಾಸಿಡರ್ ಅಷ್ಟು ಕಾಲ ಬಾಳಿದುದು ಕಬ್ಬಿಣದ ಬಲದಿಂದಲೇ? ತಾಯ್ನಾಡಿನಲ್ಲಿ 1959ರಲ್ಲಿಯೇ ಮರೆಯಾದ ಆ ಆಕಾರವು ನಮ್ಮಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ಉಳಿಯಿತು. ಗಾಡಿಗಳ ತಯಾರಿಕೆಗೆ ಆಗ ಲೈಸೆನ್ಸಿನ ಮಿತಿಯಿದ್ದಿತು. ಪರದೇಶದ ಗಾಡಿಗಳಿಗೆ ತಡೆಯಿದ್ದಿತು. ಹಣ ಕಟ್ಟಿದವನು ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದಿತು. ಕಾಯುವ ಗಿರಾಕಿಯಿರುವಾಗ ಮಾಲನ್ನು ತಿದ್ದುವ ಅವಸರ ಯಾರಿಗೆ? ನಾವು ಬಾಳಿಕೆಯೆಂದು ಕರೆದುದರಲ್ಲಿ ಗಟ್ಟಿತನವೊಂದು ಪಾಲು, ಗತಿಯಿಲ್ಲದಿರುವಿಕೆ ಇನ್ನೊಂದು ಪಾಲು. ಮಾರುತಿಯು ಬಂದ ಮೇಲೆ, ಕಾಯುತ್ತಿದ್ದವನು ಆರಿಸತೊಡಗಿದನು. 1992ರ ಸುಮಾರಿಗೆ ಅಂಬಾಸಿಡರಿಗೂ ಜಪಾನಿನ ಇಸುಜು ಎಂಜಿನು ಬಂದಿತು.

ಆದರೆ ಹೊಸತೆಂಬ ಹೆಸರೂ ಶಾಶ್ವತವಲ್ಲ. ಹೊಗೆಯ ನಿಯಮಗಳು ಬಿಗಿಯಾದಾಗ, 2010ರಲ್ಲಿ ಮಾರುತಿ 800ರ ಮಾರಾಟವು ದೊಡ್ಡ ನಗರಗಳಲ್ಲಿ ನಿಂತಿತು. 2014ರ ಜನವರಿಯಲ್ಲಿ ಅದರ ತಯಾರಿಕೆಯೇ ಮುಗಿಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಂಬಾಸಿಡರಿನ ಕಾರ್ಖಾನೆಯೂ ಕೆಲಸ ನಿಲ್ಲಿಸಿತು. ಹಿರಿಯದನ್ನು ಹಿಂದಿಕ್ಕಿದ ಕಿರಿಯದು ಅದಕ್ಕಿಂತ ನಾಲ್ಕು ತಿಂಗಳು ಮೊದಲೇ ತೆರಳಿತು.

ಆದುದರಿಂದ ಹಳೆಯ ಗಾಡಿಯನ್ನು ಮೆಚ್ಚೋಣ. ಆದರೆ ಅದರ ಮುಂದೆ ಸರದಿ ನಿಂತವರನ್ನು ಮರೆತು ಮೆಚ್ಚುವುದು ಚರಿತ್ರೆಯಾಗಲಾರದು.