ಲಡಾಖಿನ ಮನೆಗಳ ಚಳಿಗಾಲದ ನಿರ್ವಹಣೆ

ಹಿಮಾಲಯದ ಆಚೆಗಿನ ಶೀತಮರುಭೂಮಿಯಾದ ಲಡಾಖಿನಲ್ಲಿ ಚಳಿಗಾಲ ಅಕ್ಟೋಬರ್ ಕೊನೆಗೆ ಕಾಲಿಟ್ಟರೆ ಮಾರ್ಚ್‌ವರೆಗೂ ಬಿಡುವುದಿಲ್ಲ. ಸುಮಾರು 3,500 ಮೀ. ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ 15-20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಲಡಾಖಿನದೇ ಇನ್ನೊಂದು ಊರಾದ ದ್ರಾಸ್‌ನಲ್ಲಿ ಚಳಿ ಇನ್ನೂ ಕಠಿಣ. ಮರ ಅಪರೂಪವಾದ ಈ ನಾಡಿನಲ್ಲಿ ಮನಬಂದಷ್ಟು ಸೌದೆ ಉರಿಸುವ ಅನುಕೂಲ ಎಂದೂ ಇರಲಿಲ್ಲ. ಅದಕ್ಕಾಗಿಯೇ ಇಲ್ಲಿನ ಗೃಹನಿರ್ವಹಣೆ ಮೂರು ಕೆಲಸಗಳ ಸುತ್ತ ಬೆಳೆದಿದೆ: ಬಿಸಿಲನ್ನು ಒಳಗೆ ತಂದುಕೊಳ್ಳುವುದು, ನೀರನ್ನು ಗೋಡೆ-ಛಾವಣಿಗಳಿಂದ ದೂರ ಇಡುವುದು, ವಾಸದ ಜಾಗವನ್ನು ಕಿರಿದು ಮಾಡಿಕೊಳ್ಳುವುದು.

ಹೆಚ್ಚಿನ ಆರೈಕೆ ಬೇಡುವುದು ಛಾವಣಿ. ಪಾಪ್ಲರ್ ಮರದ ತೊಲೆಗಳ ಮೇಲೆ ವಿಲ್ಲೋ ಕಡ್ಡಿಗಳನ್ನು ಒತ್ತಾಗಿ ಹಾಸಿ, ಅದರ ಮೇಲೆ ಒಣಹುಲ್ಲು, ಮಣ್ಣು, ಕೊನೆಯಲ್ಲಿ ಮರ್ಕಲಕ್ ಎಂಬ ನಯವಾದ ಜೇಡಿಯನ್ನು ಮೆತ್ತಿ ಸಮತಟ್ಟಾದ ಛಾವಣಿ ಮಾಡುತ್ತಾರೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳ ಮೇಲೆ ಚೌಳುಮಣ್ಣು ಹರಡುವುದನ್ನು ಕಂಡವರಿಗೆ ಈ ರಚನೆ ತೀರ ಹೊಸದೆನಿಸದು. ವರ್ಷಕ್ಕೆ ಮಳೆ-ಹಿಮ ಸೇರಿ ಸುಮಾರು 100 ಮಿ.ಮೀ. ಮಾತ್ರ ಬೀಳುವ ಲೇಹ್‌ನಂಥ ಕಡೆ ಇಷ್ಟು ರಕ್ಷಣೆ ಸಾಕು, ಆದರೆ ಬಿದ್ದ ಹಿಮ ಮೇಲೆ ಉಳಿಯಬಾರದು. ಹಗಲಿನ ಬಿಸಿಲಿಗೆ ಕರಗಿದ ಹಿಮ ಬಿರುಕಿನೊಳಗೆ ಇಳಿದು ರಾತ್ರಿ ಅಲ್ಲೇ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಬಿರುಕು ಅಗಲವಾಗಿ ಮರುದಿನ ಇನ್ನಷ್ಟು ನೀರು ಕುಡಿಯುತ್ತದೆ. ಹೀಗೆ ದಿನದಿನವೂ ನಡೆದರೆ ಜೇಡಿ ಸಡಿಲವಾಗಿ ತೊಲೆಗಳಿಗೂ ತೇವ ತಗಲುತ್ತದೆ. ಆದ್ದರಿಂದ ಹಿಮ ನಿಂತ ಕೂಡಲೇ, ಬಿಸಿಲೇರುವ ಮೊದಲು, ಮರದ ಸಲಿಕೆಯಿಂದ ಅದನ್ನು ತಳ್ಳಿಹಾಕಬೇಕು. ಕಬ್ಬಿಣದ ಚೂಪು ಅಂಚು ಜೇಡಿಯನ್ನು ಕೆರೆಯುತ್ತದೆ. ತಳ್ಳಿದ ಹಿಮ ಗೋಡೆಯ ಬುಡದಲ್ಲಿ ರಾಶಿಯಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ, ಏಕೆಂದರೆ ಗೋಡೆಯೂ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯದು. ಬಿರುಕುಗಳಿಗೆ ಜೇಡಿ ಮೆತ್ತುವುದು, ನೀರು ಹೊರಗೆ ಚೆಲ್ಲುವ ದೋಣಿಗಳನ್ನು ಸರಿಪಡಿಸುವುದು ಚಳಿಗೆ ಮೊದಲೇ ಮುಗಿಯಬೇಕಾದ ಕೆಲಸಗಳು. ಹೆಪ್ಪುಗಟ್ಟುವ ಕಾಲದಲ್ಲಿ ಹಚ್ಚಿದ ಹಸಿಮಣ್ಣು ಒಣಗುವ ಮೊದಲೇ ಸಿಡಿಯುತ್ತದೆ.

ಬಿಸಿಲಿನ ವಿಷಯದಲ್ಲಿ ಲಡಾಖ್ ಭಾಗ್ಯಶಾಲಿ. ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಲೇಹ್‌ನಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲಿ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಮಾತ್ರ ಮೇಲಿರುತ್ತಾನೆ. ದಕ್ಷಿಣದ ಕಿಟಕಿಯಿಂದ ಬೆಳಕು ಕೋಣೆಯ ಆಳದವರೆಗೆ ಬರುತ್ತದೆ. ಹಳೆಯ ಮನೆಗಳಲ್ಲಿ ದೊಡ್ಡ ಕಿಟಕಿಗಳು ದಕ್ಷಿಣಕ್ಕೆ, ಉತ್ತರದ ಗೋಡೆ ಹೆಚ್ಚುಕಡಿಮೆ ಕುರುಡು. ಈಚಿನ ಮನೆಗಳಲ್ಲಿ ಶೆಲ್‌ಖಾಂಗ್ ಎಂಬ ಗಾಜಿನ ಕೋಣೆ ಸಾಮಾನ್ಯವಾಗಿದೆ. ಫ್ರೆಂಚ್ ಎಂಜಿನಿಯರ್ ಫೆಲಿಕ್ಸ್ ಟ್ರಾಂಬ್ ಹೆಸರಿನ ಟ್ರಾಂಬ್ ಗೋಡೆಯೂ ಇಲ್ಲಿ ಬೇರೂರಿದೆ: ದಪ್ಪ ಮಣ್ಣಿನ ಗೋಡೆಗೆ ಕಪ್ಪು ಬಳಿದು, ಮುಂದೆ ಸ್ವಲ್ಪ ಅಂತರ ಬಿಟ್ಟು ಗಾಜು ಕೂಡಿಸಿದರೆ, ಹಗಲೆಲ್ಲ ಹೀರಿದ ಬಿಸಿಯನ್ನು ಗೋಡೆ ರಾತ್ರಿ ಒಳಗೆ ಬಿಡುತ್ತದೆ. ಗೋಡೆಯ ಮೇಲೆ ಕೆಳಗೆ ಗಾಳಿಕಿಂಡಿಗಳಿದ್ದರೆ ಬಿಸಿಲಿರುವಾಗ ತೆರೆದು, ಹೊತ್ತು ಮುಳುಗುವ ಮೊದಲು ಮುಚ್ಚಲೇಬೇಕು. ಈ ಒಂದು ಕೆಲಸ ಮರೆತರೆ ಗಳಿಸಿದ ಬಿಸಿ ಗಾಜಿನ ಮೂಲಕವೇ ಸೋರಿಹೋಗುತ್ತದೆ. 1988ರಲ್ಲಿ ಆರಂಭವಾದ ಸೆಕ್‌ಮೋಲ್ ಎಂಬ ಶಿಕ್ಷಣ ಸಂಸ್ಥೆಯ ಫೇ ಗ್ರಾಮದ ಆವರಣದಲ್ಲಿ ಮಣ್ಣಿನ ಕಟ್ಟಡಗಳ ದಕ್ಷಿಣ ಬದಿಗೆ ಚಳಿಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬೇಸಿಗೆಯಲ್ಲಿ ತೆಗೆಯುತ್ತಾರೆ. ದುಬಾರಿ ಗಾಜು ಕೊಳ್ಳಲಾಗದ ಮನೆಗಳಿಗೂ ಇದು ಎಟಕುವ ಉಪಾಯ.

ಚಳಿ ಬಿದ್ದ ಮೇಲೆ ಇಡೀ ಮನೆ ಬಳಕೆಯಲ್ಲಿರುವುದಿಲ್ಲ. ಕುಟುಂಬ ಅಡುಗೆಮನೆಗೆ ಸರಿಯುತ್ತದೆ. ಅಡುಗೆ, ಊಟ, ಮಾತುಕತೆ, ನಿದ್ದೆ ಎಲ್ಲವೂ ಒಲೆಯ ಸುತ್ತ. ಹಳ್ಳಿಗಳಲ್ಲಿ ಕೆಳಅಂತಸ್ತಿನ ಕೊಟ್ಟಿಗೆಯ ದನಕುರಿಗಳ ಮೈಬಿಸಿ ಮೇಲಿನ ನೆಲಕ್ಕೂ ತಾಗುತ್ತದೆ. ಬೆರಣಿ, ಕಡ್ಡಿಸೌದೆ, ಒಣಮೇವನ್ನು ಛಾವಣಿಯ ಅಂಚಿನುದ್ದಕ್ಕೂ ಒಟ್ಟಿರುತ್ತಾರೆ. ಕೋಣೆಗೆ ಬುಖಾರಿ ಎಂಬ ತಗಡಿನ ಒಲೆ. ಅದರ ಹೊಗೆಕೊಳವೆಯಲ್ಲಿ ಮಸಿ ಕಟ್ಟಿದರೆ, ಇಲ್ಲವೇ ಕೀಲುಗಳು ಸಡಿಲಾದರೆ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಮಲಗಿದವರ ಪ್ರಾಣ ತೆಗೆಯಬಲ್ಲದು. ಕೊಳವೆಯನ್ನು ಆಗಾಗ ಬಿಚ್ಚಿ ತಟ್ಟುವುದು, ಕಿಟಕಿಯಲ್ಲಿ ಬೆರಳಗಲ ಸಂದಿ ಬಿಡುವುದು, ಮಲಗುವ ಮುನ್ನ ಕೆಂಡ ಆರಿದ್ದನ್ನು ಖಚಿತಪಡಿಸಿಕೊಳ್ಳುವುದು ಎಷ್ಟೇ ಚಳಿಯಿದ್ದರೂ ಬಿಡಬಾರದ ಕ್ರಮಗಳು.

ನಲ್ಲಿನೀರಿನದು ಹೊಸ ಕಾಲದ ತೊಡಕು. ಆಳವಾಗಿ ಹೂಳದ ಕೊಳವೆಗಳು ಒಡೆಯುವುದರಿಂದ, ಚಳಿ ಹಿಡಿಯುವ ಮೊದಲು ನೀರು ನಿಲ್ಲಿಸಿ, ಕೊಳವೆ, ತೊಟ್ಟಿ, ನಲ್ಲಿಗಳನ್ನು ಪೂರ್ತಿ ಬರಿದು ಮಾಡಬೇಕು. ಬಳಿಕ ನೀರು ಕೊಡಗಳಲ್ಲಿ, ಟ್ಯಾಂಕರ್‌ಗಳಲ್ಲಿ ಬರುತ್ತದೆ. ತುಂಬಿದ ಕೊಡಗಳಿಗೆ ಒಲೆಯ ಬಳಿಯೇ ಜಾಗ. ತರಕಾರಿಗೂ ಹೆಪ್ಪಿನ ಭಯವಿರುವುದರಿಂದ ಆಲೂಗಡ್ಡೆ, ಕ್ಯಾರೆಟ್, ಟರ್ನಿಪ್‌ಗಳನ್ನು ಹೆಪ್ಪು ತಲುಪದಷ್ಟು ಆಳದ ಗುಂಡಿಯಲ್ಲಿ ಮುಚ್ಚಿಡುತ್ತಾರೆ.

ಸಾಂಪ್ರದಾಯಿಕ ಒಣಶೌಚಾಲಯಕ್ಕೆ ನೀರೇ ಬೇಡ. ಮೇಲಂತಸ್ತಿನ ರಂಧ್ರದಿಂದ ಕೆಳಗಿನ ಕೋಣೆಗೆ ಬಿದ್ದದ್ದರ ಮೇಲೆ ಮಣ್ಣು, ಬೂದಿ ಎಳೆದರಾಯಿತು. ಮುಂದೆ ಅದೇ ಹೊಲಕ್ಕೆ ಗೊಬ್ಬರ. ಲೇಹ್‌ನ ಹೊಸ ಕಾಂಕ್ರೀಟ್ ಕಟ್ಟಡಗಳು ಇದನ್ನು ಬಿಟ್ಟು ಫ್ಲಶ್ ಶೌಚಾಲಯ ಅಳವಡಿಸಿಕೊಂಡಿವೆ. ಈ ಕಟ್ಟಡಗಳ ತೆಳುಗೋಡೆಗಳಿಂದ ಬಿಸಿ ಬೇಗ ಹೊರಹೋಗುತ್ತದೆ, ಕೊಳವೆಗಳಿಗೆ ಪ್ರತಿ ಚಳಿಗಾಲವೂ ಗಂಡಾಂತರ. ಇಂಥ ಮನೆಗಳಲ್ಲಿ ಜೋಡಿಗಾಜಿನ ಕಿಟಕಿ, ಗೋಡೆ-ಛಾವಣಿಯ ಒಳಗೆ ಹುಲ್ಲು ಅಥವಾ ಮರದ ಹೊಟ್ಟಿನ ಪದರ ಹಾಕಿಸುವುದು ಬುಖಾರಿಗೆ ಇನ್ನಷ್ಟು ಇಂಧನ ಸುರಿಯುವುದಕ್ಕಿಂತ ಎಷ್ಟೋ ಮೇಲು.