ರುಸ್ತಾಕ್‌ನ ಬಿಸಿನೀರ ಬುಗ್ಗೆ

ಒಮಾನಿನ ಮಸ್ಕತ್‌ನಿಂದ ಪಶ್ಚಿಮಕ್ಕೆ, ಹಜರ್ ಬೆಟ್ಟಸಾಲಿನ ಬುಡದಲ್ಲಿದೆ ರುಸ್ತಾಕ್. 1624ರಲ್ಲಿ ಇಮಾಮನಾದ ನಾಸಿರ್ ಬಿನ್ ಮುರ್ಷಿದ್ ರಾಜ್ಯವಾಳಿದ್ದು ಇಲ್ಲಿಂದಲೇ. ಕೋಟೆಯಷ್ಟೇ ಹೆಸರುವಾಸಿ ಇಲ್ಲಿನ ಐನ್ ಅಲ್ ಕಸ್ಫಾ ಬುಗ್ಗೆ. ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿ. ಸ್ನಾನದ ಕೋಣೆಗಳನ್ನು ದಾಟಿ, ಕಾಲುವೆಗಳಲ್ಲಿ ಆರುತ್ತಾ ತೋಟಗಳಿಗೆ ಹರಿಯುತ್ತದೆ. ಕೀಲುನೋವಿನವರೂ, ಮೈ ಕೆಂಪೇರಿ ಹೊಟ್ಟು ಉದುರುವವರೂ ತಲೆಮಾರುಗಳಿಂದ ಇಲ್ಲಿ ಮೀಯಲು ಬರುತ್ತಾರೆ. ನಮ್ಮ ಪುತ್ತೂರು ಬಳಿಯ ಇರ್ದೆಯ ಬೆಂದ್ರ್ ತೀರ್ಥದ ಬಗ್ಗೆಯೂ ಇಂಥದೇ ನಂಬಿಕೆಯಿದೆ.

ನಕ್ಕು ತಳ್ಳಿಹಾಕುವ ನಂಬಿಕೆಯಲ್ಲ ಇದು. ಬಿಸಿನೀರಲ್ಲಿ ನೆನೆದರೆ ಸೋರಿಯಾಸಿಸ್ ಎಂಬ ಚರ್ಮರೋಗದ ಗಟ್ಟಿ ಪದರ ಮೆತ್ತಗಾಗಿ ಕಳಚುತ್ತದೆ. ನೀರಿನಲ್ಲಿರುವ ಗಂಧಕಕ್ಕೂ ಆ ಗುಣವಿದೆ. ಆದರೆ ಎಸ್ಜಿಮಾ ಇದ್ದವರಿಗೆ ಅದೇ ಸ್ನಾನ ತಿರುಗುಬಾಣ. ಚರ್ಮದ ಜಿಡ್ಡೆಲ್ಲ ತೊಳೆದುಹೋಗಿ ತುರಿಕೆ ಇನ್ನಷ್ಟು ಕೆರಳುತ್ತದೆ. ಯಾರದು ಯಾವ ರೋಗ ಎಂದು ಬುಗ್ಗೆ ಕೇಳುವುದಿಲ್ಲ.

ವೈದ್ಯರಿಗೂ ಅದು ಬಹುಕಾಲ ಗೊಂದಲವೇ ಆಗಿತ್ತು. ಸೋರಿಯಾಸಿಸ್ ಬೇರೆ, ಕುಷ್ಠ ಬೇರೆ ಎಂದು ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಖಚಿತವಾಗಿ ಹೇಳಿದ್ದು 1841ರಲ್ಲಿ.

ಹಾಗೆಂದು ಒಮಾನಿಗೆ ವೈದ್ಯವಿದ್ಯೆ ಹೊಸತೇನಲ್ಲ. ಸೊಹಾರ್‌ನಲ್ಲಿ ಹುಟ್ಟಿದ ಇಬ್ನ್ ಅಲ್ ಧಹಬಿ 11ನೆಯ ಶತಮಾನದಲ್ಲೇ ‘ಕಿತಾಬ್ ಅಲ್ ಮಾ’ ಎಂಬ ಅಕಾರಾದಿ ವೈದ್ಯಕೋಶ ಬರೆದ. ವೈದ್ಯ ರಾಶಿದ್ ಬಿನ್ ಉಮೈರಾ ಇದೇ ರುಸ್ತಾಕ್‌ನವನು. ದಕ್ಷಿಣದ ದೋಫಾರ್‌ನಲ್ಲಿ ಮರದ ತೊಗಟೆ ಕೆತ್ತಿ, ಒಸರಿದ ಹಾಲು ಒಣಗಿದ ಮೇಲೆ ಕೆರೆದು ತೆಗೆಯುವ ಲೋಬಾನ ಮನೆಮದ್ದೂ ಹೌದು. ಅದರ ಬೋಸ್ವೆಲಿಕ್ ಆಮ್ಲಗಳು ಉರಿಯೂತ ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ಅಷ್ಟಕ್ಕೇ ಅದನ್ನು ರಾಮಬಾಣ ಎನ್ನುವವರ ಮಾತು ನಂಬಬೇಕಿಲ್ಲ.

ಆಧುನಿಕ ಚಿಕಿತ್ಸೆಯನ್ನು ಇಲ್ಲಿ ಹರಡಿದವರಲ್ಲಿ ಅಮೆರಿಕದ ಮಿಷನರಿಗಳೂ ಇದ್ದರು. ಡಾ. ಶರನ್ ಥಾಮ್ಸ್ 1909ರಲ್ಲಿ ಬಂದರು; ನಾಲ್ಕು ವರ್ಷದ ಬಳಿಕ ದೂರವಾಣಿ ತಂತಿ ಎಳೆಯುತ್ತಿದ್ದಾಗ ಕಂಬದಿಂದ ಬಿದ್ದು ತೀರಿಕೊಂಡರು. ಮಗ ವೆಲ್ಸ್ ಥಾಮ್ಸ್ 1939ರಲ್ಲಿ ಮರಳಿ ಬಂದು ಮೂರು ದಶಕ ಮಸ್ಕತ್ ಪಕ್ಕದ ಮತ್ರಾದಲ್ಲಿ ದುಡಿದರು. 1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆಗಳು ಒಂದೊಂದಾಗಿ ಎದ್ದವು. ಭಾರತದ ವೈದ್ಯರು, ನರ್ಸುಗಳು ಅಲ್ಲಿ ಕೆಲಸಕ್ಕೆ ಸೇರಿದರು.

ಬುಗ್ಗೆಗೆ ಬರುವವರನ್ನು ಕಾಡುವ ಸೋರಿಯಾಸಿಸ್‌ಗೆ ಮೂಲ ಚರ್ಮದ ಕೊಳೆಯಲ್ಲ, ದಾರಿತಪ್ಪಿದ ರೋಗನಿರೋಧಕ ವ್ಯವಸ್ಥೆ ಎಂಬುದು ಈಗ ಗೊತ್ತಿದೆ. ತಿಂಗಳು ಹಿಡಿಯಬೇಕಾದ ಹೊರಚರ್ಮದ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿದು ಪದರ ಕಟ್ಟುತ್ತದೆ. ಮುಲಾಮು, ನೇರಳಾತೀತ ಬೆಳಕು, ಮೆಥೊಟ್ರೆಕ್ಸೇಟ್ ಸಾಲದಾದಾಗ ಉರಿಯೂತ ಹೆಚ್ಚಿಸುವ ಟಿಎನ್ಎಫ್ ಅಥವಾ ಐಎಲ್-17 ಪ್ರೋಟೀನನ್ನು ತಡೆಯುವ ಚುಚ್ಚುಮದ್ದು ಕೊಡುತ್ತಾರೆ. ಅದಕ್ಕೂ ಮುನ್ನ ಕ್ಷಯದ ಪರೀಕ್ಷೆ ಮಾಡಿಸಬೇಕು: ನಿರೋಧಕ ಶಕ್ತಿಯನ್ನು ತಗ್ಗಿಸಿದಾಗ, ಮುಖ್ಯವಾಗಿ ಟಿಎನ್ಎಫ್ ತಡೆದಾಗ, ಒಳಗೆ ಅಡಗಿದ್ದ ಕ್ಷಯ ಎದ್ದುಕೊಳ್ಳಬಹುದು.